‘ಫ್ಯಾನ್ ಆಫ್ ಮಾಡಿ’ ಎಂದಲ್ಲಿಗೆ ಪಾಠ ಮುಗಿಯಬಾರದು

ಮಾನ್ಯ ಸಂಪಾದಕರೇ,

ಗುರುತ್ವ ಅಲೆಗಳ (ಭಾರೀ ಆಕಾಶಕಾಯಗಳು ಸುತ್ತುವಾಗ ದೇಶಕಾಲದಲ್ಲಿ ಏಳುವ ಕಂಪನ) ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಎರಡು ಕಪ್ಪುಕುಳಿಗಳು ಸುತ್ತಿ ಸುತ್ತಿ ಒಂದಾಗುವ ಬಣ್ಣದ ಚಿತ್ರ ಇದ್ದೇ ಇರುತ್ತದೆ. ಅದರ ಕೆಳಗೆ, ಪ್ರೋಟಾನಿನ ಅಗಲದ ಸಾವಿರದಲ್ಲೊಂದು ಪಾಲಿನಷ್ಟು ಕದಲಿಕೆಯನ್ನೂ ಅಳೆಯಬಲ್ಲ ಉಪಕರಣ ಎಂಬ ಒಂದು ಸಾಲು. ಅಷ್ಟು ಸಣ್ಣದನ್ನು ಇಷ್ಟು ನಡುಗುವ ನೆಲದ ಮೇಲೆ ಅಳೆದದ್ದು ಹೇಗೆ ಎಂಬುದು ಮಾತ್ರ ಬರುವುದಿಲ್ಲ. 10 ಹರ್ಟ್ಸ್ (ಸೆಕೆಂಡಿಗೆ 10 ಸಲ) ಆಸುಪಾಸಿನಲ್ಲಿ ನೆಲ ಸಹಜವಾಗಿ ಎಷ್ಟು ಕಂಪಿಸುತ್ತದೆಯೋ ಅದು ಅಮೆರಿಕದ ಗುರುತ್ವ ಅಲೆ ವೀಕ್ಷಣಾಲಯವಾದ ಲೈಗೊದ ಕನ್ನಡಿಗಳು ತಾಳಿಕೊಳ್ಳಬಹುದಾದ ಕಂಪನಕ್ಕಿಂತ ಸುಮಾರು ಸಾವಿರ ಕೋಟಿ ಪಟ್ಟು ಹೆಚ್ಚು. ಅದನ್ನು ಇಳಿಸುವುದೇ ಈ ಕ್ಷೇತ್ರದ ಮುಕ್ಕಾಲು ಕೆಲಸ. 2015ರ ಸೆಪ್ಟೆಂಬರ್ 14ರಂದು ಮೊದಲ ಅಲೆ ಸಿಕ್ಕಿದ್ದು ದಶಕಗಳ ಕಾಲ ಗದ್ದಲ, ಅಂದರೆ ಅಳತೆಯನ್ನು ಕೆಡಿಸುವ ಬೇಡದ ಏರಿಳಿತ, ಇಳಿಸಿದ್ದರ ಫಲ.

ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ ಲೈಗೊ-ಇಂಡಿಯಾ ಕಟ್ಟಲು ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಕೆಲಸ ಮಾಡಬೇಕಾದವರಲ್ಲಿ ಕಪ್ಪುಕುಳಿಯ ಸಿದ್ಧಾಂತ ಬಲ್ಲವರು ಕೆಲವರು ಸಾಕು. ಪಂಪು, ಕೇಬಲ್, ಸ್ಪ್ರಿಂಗ್, ಫಿಲ್ಟರ್, ಲೇಸರ್ ಇವುಗಳಲ್ಲಿ ಯಾವುದು ಎಲ್ಲಿ ಎಷ್ಟು ಗದ್ದಲ ಮಾಡುತ್ತಿದೆ ಎಂದು ಪತ್ತೆ ಹಚ್ಚುವವರು ಬಹಳ ಜನ ಬೇಕು. ಆ ವಿದ್ಯೆಯನ್ನು ಮಂಗಳೂರು, ಉಡುಪಿಯ ಪದವಿ ಕಾಲೇಜುಗಳಲ್ಲಿ ಈಗಿರುವ ಸಾಮಾನಿನಿಂದಲೇ ಕಲಿಸಬಹುದು ಎಂದು ಹೇಳುವುದಕ್ಕೆ ಈ ಪತ್ರ.

ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೈಕೆಲ್ಸನ್ ಇಂಟರ್‌ಫೆರೋಮೀಟರ್ ಇರುವುದು ಸಾಮಾನ್ಯ. ಲೈಗೊದ ಮೂಲ ಆಕಾರವೂ ಅದೇ. ಒಂದು ಬೆಳಕನ್ನು ಎರಡಾಗಿ ಒಡೆದು, ಒಂದಕ್ಕೊಂದು ಲಂಬವಾದ ಎರಡು ತೋಳುಗಳಲ್ಲಿ ಓಡಿಸಿ, ಕನ್ನಡಿಗೆ ಬಡಿಸಿ ವಾಪಸು ತಂದು ಕೂಡಿಸುವುದು. ವಿದ್ಯಾರ್ಥಿಗಳು ಹಾಗೆ ಮೂಡುವ ಬೆಳಕು-ಕತ್ತಲೆಯ ಪಟ್ಟಿಗಳನ್ನು ಎಣಿಸಿ, ತರಂಗಾಂತರ ಲೆಕ್ಕ ಹಾಕಿ, ರೆಕಾರ್ಡಿಗೆ ಸಹಿ ಹಾಕಿಸಿಕೊಂಡರೆ ಪ್ರಯೋಗ ಮುಗಿಯಿತು. ನಡುವೆ ಪಟ್ಟಿಗಳು ನಡುಗಿದರೆ ಸಿಗುವ ಸೂಚನೆ ಎರಡೇ: ಫ್ಯಾನ್ ಆಫ್ ಮಾಡಿ, ಮೇಜು ಮುಟ್ಟಬೇಡಿ. ನಿಜವಾದ ಪ್ರಯೋಗ ಶುರುವಾಗಬೇಕಾದ ಜಾಗ ಅದು. ನಡುಗಿದ್ದು ಎಷ್ಟು ನ್ಯಾನೊಮೀಟರ್, ಯಾವ ಫ್ರೀಕ್ವೆನ್ಸಿಯಲ್ಲಿ, ಯಾರಿಂದ?

ಉತ್ತರ ಹುಡುಕಲು ಬೇಕಾದ ಸಾಮಾನು ದುಬಾರಿಯಲ್ಲ. ಹೀಲಿಯಂ-ನಿಯಾನ್ ಲೇಸರ್ ಇದ್ದರೆ ಒಳ್ಳೆಯದು, ಅದರ ತರಂಗಾಂತರ 632.8 ನ್ಯಾನೊಮೀಟರ್. ಕಿರಣವನ್ನು ಲೆನ್ಸಿನಿಂದ ಹರಡಬೇಡಿ. ಹರಡದ ಚುಕ್ಕೆ ಇಡಿಯಾಗಿ ಬೆಳಗಿ ಇಡಿಯಾಗಿ ಮಂಕಾಗುವಷ್ಟು ಕನ್ನಡಿಗಳನ್ನು ಹೊಂದಿಸಿ, ಪರದೆಯ ಜಾಗದಲ್ಲಿ ಕಪ್ಪು ಕಾರ್ಡಿಗೆ ಒಂದೆರಡು ಮಿಲಿಮೀಟರಿನ ತೂತು ಕೊರೆದು, ಹಿಂದೆ ಬಿಪಿಡಬ್ಲ್ಯು-34ರಂಥ ಫೋಟೊಡಯೋಡ್ ಇಡಿ. ಡಯೋಡಿಗೆ 5 ವೋಲ್ಟ್ ರಿವರ್ಸ್ ಬಯಾಸ್, ಸರಣಿಯಲ್ಲಿ 22 ಕಿಲೊಓಮ್ ರೆಸಿಸ್ಟರ್. ಡಯೋಡಿನ ಮೇಲೆ 0.2 ಮಿಲಿವ್ಯಾಟ್ ಬೆಳಕು ಬಿದ್ದರೆ ರೆಸಿಸ್ಟರಿನ ತುದಿಗಳಲ್ಲಿ ಒಂದೂಮುಕ್ಕಾಲು ವೋಲ್ಟಿನಷ್ಟು ಬರುತ್ತದೆ. ಅದನ್ನು 10 ಕಿಲೊಓಮ್, 0.1 ಮೈಕ್ರೊಫ್ಯಾರಡ್‌ನ ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ಫಿಲ್ಟರಿನ ಮೂಲಕ, ವೋಲ್ಟೇಜು ಓದಿ ಕಂಪ್ಯೂಟರಿಗೆ ಕಳಿಸುವ ಆರ್ಡ್ಯುಯಿನೊ ಬೋರ್ಡಿಗೆ ಕೊಡಿ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ರೂಪಿಸಿದ ಎಕ್ಸ್‌ಪ್‌ಐಸ್ (ExpEYES) ಎಂಬ ಅಳತೆ ಪೆಟ್ಟಿಗೆ ಕಾಲೇಜಿನಲ್ಲಿದ್ದರೆ ಇನ್ನೂ ಸುಲಭ.

ಆ ಫಿಲ್ಟರನ್ನು ಬಿಡುವವರೇ ಹೆಚ್ಚು. ಅದು ಸುಮಾರು 160 ಹರ್ಟ್ಸ್‌ಗಿಂತ ಮೇಲಿನದನ್ನು ತಗ್ಗಿಸುತ್ತದೆ. ಫಿಲ್ಟರ್ ಒಂದೇ ಸಾಲದು, ಸೆಕೆಂಡಿಗೆ 150 ಸಲ ಮಾತ್ರ ಓದಿದಿರಿ ಎಂದಿಟ್ಟುಕೊಳ್ಳಿ. ಹಳೇ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅದು ನಿಮ್ಮ ಗ್ರಾಫಿನಲ್ಲಿ 50 ಹರ್ಟ್ಸ್ ಎಂದು ವೇಷ ಹಾಕಿ ಬರುತ್ತದೆ. ವಿದ್ಯಾರ್ಥಿ ವೈರಿಂಗ್ ದೋಷ ಹುಡುಕುತ್ತ ಕೂರುತ್ತಾನೆ. ಸೆಕೆಂಡಿಗೆ 1000 ಸಲ ಓದಿಸಿ. ಸೀರಿಯಲ್ ವೇಗ 9600ರಲ್ಲಿದ್ದರೆ ಸೆಕೆಂಡಿಗೆ 960 ಅಕ್ಷರವಷ್ಟೇ ಹೋಗುವುದು, ಅಷ್ಟು ಡೇಟಾ ಹಿಡಿಸದು, ಓದುಗಳ ನಡುವಿನ ಅಂತರ ಏರುಪೇರಾಗಿ ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಕಂಪನ ಎಂದು ತೋರುವ ಗ್ರಾಫು) ಕಲಸಿಹೋಗುತ್ತದೆ. 115200 ಇಡಿ. ಡಿಲೇ ಆಜ್ಞೆಯಿಂದ ಸಮಯ ಅಳೆಯಬೇಡಿ, ಟೈಮರ್ ಬಳಸಿ.

ಇನ್ನು ಅಳತೆಗೋಲು. ಕನ್ನಡಿಯೊಂದನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ವೋಲ್ಟೇಜು ಕನಿಷ್ಠದಿಂದ ಗರಿಷ್ಠಕ್ಕೆ ಹೋಗಿ ಬರುತ್ತದೆ. ಅದು 0ಯಿಂದ 2 ವೋಲ್ಟ್‌ವರೆಗೆ ತೂಗಿದರೆ, ನಡುಮಧ್ಯದ 1 ವೋಲ್ಟಿನ ಹತ್ತಿರ ಇಳಿಜಾರು ಅತಿ ಕಡಿದು: ಕನ್ನಡಿ ಒಂದು ನ್ಯಾನೊಮೀಟರ್ ಕದಲಿದರೆ 20 ಮಿಲಿವೋಲ್ಟ್ ಬದಲಾಗುತ್ತದೆ. ಆರ್ಡ್ಯುಯಿನೊದ ಒಂದು ಮೆಟ್ಟಿಲು ಸುಮಾರು 5 ಮಿಲಿವೋಲ್ಟ್. ಅಂದರೆ ಕಾಲು ನ್ಯಾನೊಮೀಟರ್! ಪಟ್ಟಿ ಎಣಿಸುವ ಪ್ರಯೋಗದಲ್ಲಿ ಕಣ್ಣಿಗೆ ಕಾಣುವ ಒಂದು ಪಟ್ಟಿ 316 ನ್ಯಾನೊಮೀಟರಿನದು ಎಂಬುದನ್ನು ನೆನೆದರೆ, ಅದೇ ಸಾಮಾನಿನಿಂದ ಸಾವಿರ ಪಟ್ಟು ಸೂಕ್ಷ್ಮ ಅಳತೆ ಸಿಕ್ಕ ಹಾಗಾಯಿತು.

ಈಗ ಗದ್ದಲದ ಲೆಕ್ಕಪತ್ರ ತಯಾರಿಸಬೇಕು. ಲೈಗೊದವರೂ ಮಾಡುವುದು ಇದನ್ನೇ. ಮೊದಲು ಫೋಟೊಡಯೋಡನ್ನು ಪೂರ್ತಿ ಮುಚ್ಚಿ 100 ಸೆಕೆಂಡು ದಾಖಲಿಸಿ, ಅದು ಬರೀ ವಿದ್ಯುತ್ ಗದ್ದಲ. ಬಳಿಕ ಒಂದು ತೋಳಿಗೆ ಕಪ್ಪು ಕಾರ್ಡ್ ಅಡ್ಡ ಹಿಡಿದು ಲೇಸರ್ ಬೆಳಕು ಮಾತ್ರ ಬೀಳಿಸಿ, ಅದು ಲೇಸರಿನ ಸ್ವಂತ ಏರಿಳಿತ. ಬಳಿಕ ಎರಡೂ ತೋಳು ತೆರೆದು, ಫ್ಯಾನ್ ನಿಲ್ಲಿಸಿ ಒಮ್ಮೆ, ಓಡಿಸಿ ಒಮ್ಮೆ. ಪ್ರತಿಯೊಂದಕ್ಕೂ ಪೈಥಾನಿನ ಸೈಪೈ ಲೈಬ್ರರಿಯ ವೆಲ್ಚ್ ವಿಧಾನದಿಂದ ಸ್ಪೆಕ್ಟ್ರಮ್ ತೆಗೆದು ವರ್ಗಮೂಲ ಹಾಕಿ, 20 ಮಿಲಿವೋಲ್ಟಿನಿಂದ ಭಾಗಿಸಿ, ಎಲ್ಲವನ್ನೂ ಒಂದೇ ಗ್ರಾಫಿನಲ್ಲಿ ನ್ಯಾನೊಮೀಟರಿನಲ್ಲಿ ಬರೆಯಿರಿ. ಗೊತ್ತಿರುವ ಮೂಲಗಳನ್ನು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದಾಗ ಒಟ್ಟು ಗದ್ದಲದ ಗೆರೆಗೆ ತಾಳೆಯಾಗಬೇಕು. ತಾಳೆಯಾಗದೆ ಉಳಿಯುವ ಅಂತರವೇ ಮುಂದಿನ ವಾರದ ಕೆಲಸ.

ಮೊದಲ ಗ್ರಾಫಿನಲ್ಲೇ ಕೋಣೆಯ ಸಂಸಾರವೆಲ್ಲ ಹೊರಬೀಳುತ್ತದೆ. ಸೀಲಿಂಗ್ ಫ್ಯಾನ್ ನಿಮಿಷಕ್ಕೆ 360 ಸುತ್ತು ಹಾಕಿದರೆ 6 ಹರ್ಟ್ಸ್‌ನಲ್ಲಿ ಒಂದು ಮುಳ್ಳು, ಮೂರು ರೆಕ್ಕೆ ಇರುವುದರಿಂದ 18ರಲ್ಲಿ ಇನ್ನೊಂದು. 1440 ಸುತ್ತಿನ ಮೋಟಾರು 24 ಹರ್ಟ್ಸ್‌ನಲ್ಲಿ ಕೂರುತ್ತದೆ. ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವ ಪಂಪು 2880 ಸುತ್ತಿನದಾದರೆ 48ರಲ್ಲಿ. ಅದನ್ನು ಕರೆಂಟಿನ 50ರಿಂದ ಬೇರ್ಪಡಿಸಿ ನೋಡಲು ಎಫ್‌ಎಫ್‌ಟಿಗೆ (ಸ್ಪೆಕ್ಟ್ರಮ್ ತೆಗೆಯುವ ಲೆಕ್ಕ) ಕೊಡುವ ಡೇಟಾದ ಒಂದೊಂದು ತುಂಡು 4 ಸೆಕೆಂಡಾದರೂ ಉದ್ದ ಇರಬೇಕು. ಅರ್ಧ ಸೆಕೆಂಡಿನ ತುಂಡಿನಲ್ಲಿ ಎರಡೂ ಒಂದೇ ಗುಡ್ಡೆಯಾಗುತ್ತವೆ. 50 ಹರ್ಟ್ಸ್ ಮುಳ್ಳು ಲೇಸರಿಗೆ ಅಡ್ಡ ಹಿಡಿದಾಗಲೂ ಉಳಿದರೆ ದೋಷ ತಂತಿಯಲ್ಲಿದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಹಲವು ಸಲ ಅಷ್ಟರಲ್ಲೇ ಅದು ಕುಗ್ಗುತ್ತದೆ.

ಕಂಪನ ತಡೆಯುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ, ತಪ್ಪುವುದು ಹೆಚ್ಚಾಗಿ ಅಲ್ಲಿಯೇ. ಕಾರ್ಕಳದ ಕಡೆಯ ಶಿಲೆಕಲ್ಲಿನ ಚಪ್ಪಡಿ ಎರಡಡಿ ಉದ್ದ, ಎರಡಡಿ ಅಗಲ, ಎರಡು ಇಂಚು ದಪ್ಪದ್ದು ತಂದರೆ ತೂಕ ಸುಮಾರು 50 ಕೆ.ಜಿ. ಇಬ್ಬರು ಹಿಡಿದು, ಅರ್ಧ ಗಾಳಿ ತುಂಬಿದ ಸ್ಕೂಟರಿನ ಟ್ಯೂಬಿನ ಮೇಲೆ ಕೂರಿಸಬೇಕು. ಗಾಳಿ ಬಿಗಿಯಾದರೆ ಟ್ಯೂಬು ಕಲ್ಲಿನಷ್ಟೇ ಗಟ್ಟಿ, ಏನೂ ಉಪಯೋಗವಿಲ್ಲ. ಕಡಿಮೆಯಾದರೆ ಚಪ್ಪಡಿಯ ಅಂಚು ಮೇಜಿಗೆ ತಾಗುತ್ತದೆ. ಮೇಜಿನಿಂದ ಎರಡು ಬೆರಳು ಎದ್ದು ನಿಂತರೆ ಸರಿ. ಚಪ್ಪಡಿಯ ಮೇಲೆ ಮೊಬೈಲ್ ಇಟ್ಟು, ಫೈಫಾಕ್ಸ್ ಆ್ಯಪ್‌ನಲ್ಲಿ ಆಕ್ಸಲರೋಮೀಟರ್ ತೆರೆದು, ಕಲ್ಲನ್ನು ಒಮ್ಮೆ ಒತ್ತಿ ಬಿಡಿ. ಅದು ಸೆಕೆಂಡಿಗೆ 4 ಸಲ ಏಳುಬೀಳು ಮಾಡಿದರೆ, 24 ಹರ್ಟ್ಸ್‌ನ ಮೋಟಾರು ಕಂಪನ ಸುಮಾರು 35ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಫ್ಯಾನಿನ 18 ಹರ್ಟ್ಸ್ 19ರಲ್ಲಿ ಒಂದು ಪಾಲಿಗೆ. 6 ಹರ್ಟ್ಸ್ ಹೆಚ್ಚುಕಡಿಮೆ ಹಾಗೇ ದಾಟಿ ಬರುತ್ತದೆ. 4 ಹರ್ಟ್ಸ್‌ನ ಸುತ್ತಮುತ್ತ ಏನಾದರೂ ಇದ್ದರೆ ಅದು ದೊಡ್ಡದೇ ಆಗುತ್ತದೆ! ಮೂರು ಮಹಡಿಯ ಕಟ್ಟಡದ ಸ್ವಂತ ತೂಗು ಸುಮಾರು 3 ಹರ್ಟ್ಸ್, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿಗಳ ಓಲಾಟವೂ ಅಲ್ಲೇ ಆಸುಪಾಸು. ಹಾಗಾಗಿ ಮೇಲಿನ ಮಹಡಿಯ ಲ್ಯಾಬಿಗಿಂತ ನೆಲಮಹಡಿಯ ಮೂಲೆ ಲೇಸು.

ಇಷ್ಟೆಲ್ಲ ಮಾಡಿಯೂ ಫಲ ಕಾಣದಿದ್ದರೆ ಮೊದಲು ನೋಡಬೇಕಾದದ್ದು ಕೇಬಲ್. ಲೇಸರಿನ ದಪ್ಪ ವೈರು ಮೇಜಿನಿಂದ ಚಪ್ಪಡಿಗೆ ಬಿಗಿಯಾಗಿ ಎಳೆದಿದ್ದರೆ ಕಂಪನವೆಲ್ಲ ಆ ಸೇತುವೆಯ ಮೇಲೆ ನಡೆದು ಬರುತ್ತದೆ. ಸಡಿಲವಾದ ದೊಡ್ಡ ಕುಣಿಕೆ ಬಿಟ್ಟು ತನ್ನಿ. ಎರಡನೆಯದು ಕನ್ನಡಿಯ ಕಾಲು. ಉದ್ದದ ಸಪೂರ ಕಂಬದ ಮೇಲೆ ಕೂರಿಸಿದ ಕನ್ನಡಿ ತಾನೇ ಒಂದು ಸ್ಪ್ರಿಂಗ್. ಕಂಬದ ಸ್ವಂತ ಫ್ರೀಕ್ವೆನ್ಸಿ 100 ಹರ್ಟ್ಸ್ ಇದ್ದರೆ, 10 ಹರ್ಟ್ಸ್‌ನಲ್ಲಿ ಚಪ್ಪಡಿ ಕದಲಿದ್ದರ ನೂರರಲ್ಲೊಂದು ಪಾಲು ಮಾತ್ರ ಕನ್ನಡಿಗಳ ನಡುವಿನ ಅಂತರವಾಗಿ ಕಾಣುತ್ತದೆ. 50ಕ್ಕೆ ಇಳಿದರೆ ಇಪ್ಪತ್ತೈದರಲ್ಲೊಂದು. ಆದ್ದರಿಂದ ಚಪ್ಪಡಿಯ ಕೆಳಗೆ ಮೆತ್ತಗೆ, ಮೇಲೆ ಗಟ್ಟಿ. ಕಂಬ ಗಿಡ್ಡವಿರಲಿ, ಸ್ಕ್ರೂನಿಂದ ಬಿಗಿಯಿರಿ. ಎರಡೂ ಬದಿಯ ಗಮ್ ಟೇಪಿನಿಂದ ಅಂಟಿಸಿದರೆ ಗಂಟೆಗಟ್ಟಲೆ ಜಾರುತ್ತಲೇ ಇರುತ್ತದೆ.

ಲೈಗೊದ ಉತ್ತರವೂ ಇದೇ ದಾರಿಯದು, ಮೆಟ್ಟಿಲು ಹೆಚ್ಚು ಅಷ್ಟೇ. 25 ಸೆಂಟಿಮೀಟರ್ ದಾರಕ್ಕೆ ಕಟ್ಟಿದ ಗುಂಡು ಸೆಕೆಂಡಿಗೆ ಒಂದು ಸಲ ತೂಗುತ್ತದೆ. ಮೇಲಿನ ತುದಿಯನ್ನು 10 ಹರ್ಟ್ಸ್‌ನಲ್ಲಿ ಅಲುಗಿಸಿದರೆ ಗುಂಡಿಗೆ ಮುಟ್ಟುವುದು ನೂರರಲ್ಲೊಂದು. ಒಂದರ ಕೆಳಗೊಂದು ನಾಲ್ಕು ತೂಗುಹಾಕಿದರೆ ಆ ಇಳಿಕೆ ಗುಣಿಸಿಕೊಂಡು ಹೋಗುತ್ತದೆ. ಲೈಗೊದಲ್ಲಿ ಕೊನೆಯ ಮೆಟ್ಟಿಲೇ 40 ಕೆ.ಜಿ. ತೂಕದ, 34 ಸೆಂಟಿಮೀಟರ್ ಅಗಲದ ಶುದ್ಧ ಸಿಲಿಕಾ ಗಾಜಿನ ಕನ್ನಡಿ. ಅದು ನೇತಾಡುವುದು 60 ಸೆಂಟಿಮೀಟರ್ ಉದ್ದದ, 0.4 ಮಿಲಿಮೀಟರ್ ದಪ್ಪದ ನಾಲ್ಕು ಗಾಜಿನ ನಾರುಗಳಲ್ಲಿ. ಲೋಲಕದ ಮೇಲೆ, ಸೆನ್ಸರ್ ಇಟ್ಟು ನೆಲದ ಚಲನೆಗೆ ಎದುರಾಗಿ ತಳ್ಳುವ ಸಕ್ರಿಯ ವೇದಿಕೆಗಳು. ಕನ್ನಡಿ ತೂಗುವುದನ್ನು ನಿಲ್ಲಿಸಲು ಕೊಡುವ ತಡೆಯನ್ನು ಲೋಲಕದ ಅತಿ ಮೇಲಿನ ಮೆಟ್ಟಿಲಿಗೇ ಕೊಡುತ್ತಾರೆ ಎಂಬುದು ಗಮನಿಸತಕ್ಕದ್ದು. ತಡೆ ಕೊಡುವ ಸೆನ್ಸರಿಗೂ ಗದ್ದಲವಿದೆ, ಅದು ಕೆಳಗಿನ ಮೂರು ಮೆಟ್ಟಿಲು ದಾಟುವಷ್ಟರಲ್ಲಿ ಸೋಸಿಹೋಗಲಿ ಎಂದು.

ಗಾಜೇ ಏಕೆ, ಉಕ್ಕಿನ ತಂತಿ ಏಕಲ್ಲ? ಉಷ್ಣತೆ ಇರುವ ಯಾವ ವಸ್ತುವೂ ಸುಮ್ಮನಿರದು. ಒಳಗೆ ಘರ್ಷಣೆ ಹೆಚ್ಚಿದ್ದಷ್ಟೂ ಆ ನಡುಕ ಎಲ್ಲ ಫ್ರೀಕ್ವೆನ್ಸಿಗೂ ಚೆಲ್ಲಾಡುತ್ತದೆ. ಸಿಲಿಕಾ ಗಾಜಿನಲ್ಲಿ ಘರ್ಷಣೆ ತೀರಾ ಕಡಿಮೆಯಾದ್ದರಿಂದ ನಾರಿನ ನಡುಕವೆಲ್ಲ ಅದರ ಸ್ವಂತ ನಾದವಾದ 500 ಹರ್ಟ್ಸ್ ಬಳಿ ಸಪೂರ ಮುಳ್ಳಾಗಿ ಒಟ್ಟುಗೂಡುತ್ತದೆ, ಉಳಿದ ಜಾಗ ತಿಳಿಯಾಗುತ್ತದೆ. ಈಗಿನ ದೊಡ್ಡ ತಲೆನೋವು ಕನ್ನಡಿಯ ಮೇಲಿನ ಲೇಪ. ಸಿಲಿಕಾ ಮತ್ತು ಟ್ಯಾಂಟಲಮ್ ಆಕ್ಸೈಡಿನ ತೆಳು ಪದರಗಳ ಅದರ ದಪ್ಪ ಕೆಲವೇ ಮೈಕ್ರೊಮೀಟರ್, ಆದರೂ 100 ಹರ್ಟ್ಸ್ ಸುತ್ತಲಿನ ಮಿತಿಯಲ್ಲಿ ದೊಡ್ಡ ಪಾಲು ಅದರದು. ಜಪಾನಿನ ಗುರುತ್ವ ಅಲೆ ವೀಕ್ಷಣಾಲಯ ಕಾಗ್ರಾ ನೆಲದಡಿಗೆ ಹೋಗಿ, ನೀಲಮಣಿಯ ಕನ್ನಡಿಗಳನ್ನು ಸುಮಾರು 20 ಕೆಲ್ವಿನ್‌ಗೆ ತಣಿಸುವ ದಾರಿ ಹಿಡಿದಿದೆ. ತಣಿಸುವ ಯಂತ್ರವೂ ನಡುಗುತ್ತದೆ ಎಂಬುದು ಬೇರೆ ಮಾತು.

ಕರಾವಳಿಯವರಾದ ನಮಗೆ ಸಂಬಂಧಪಟ್ಟ ಗದ್ದಲವೊಂದಿದೆ, ಸಮುದ್ರದ್ದು. ಮಳೆಗಾಲದಲ್ಲಿ ಪಣಂಬೂರಿಗೋ ಮಲ್ಪೆಗೋ ಬಂದು ಬಡಿಯುವ ದೊಡ್ಡ ತೆರೆಗಳ ನಡುವಿನ ಅವಧಿ ಸುಮಾರು 8ರಿಂದ 12 ಸೆಕೆಂಡು. ಒಂದೇ ದಿಕ್ಕಿಗೆ ಓಡುವ ತೆರೆಯ ಒತ್ತಡ ಆಳಕ್ಕೆ ಹೋದಂತೆ ಸತ್ತುಹೋಗುತ್ತದೆ. ದಡಕ್ಕೆ ಬಡಿದು ಮರಳುವ ತೆರೆ ಎದುರು ಬರುವ ತೆರೆಯನ್ನು ಸಂಧಿಸಿದಾಗ ಮಾತ್ರ ಎರಡು ಪಟ್ಟು ಫ್ರೀಕ್ವೆನ್ಸಿಯ ಒತ್ತಡವೊಂದು ಹುಟ್ಟಿ ಆಳ ಲೆಕ್ಕಿಸದೆ ತಳಕ್ಕೆ ಮುಟ್ಟುತ್ತದೆ. ಬ್ರಿಟಿಷ್ ವಿಜ್ಞಾನಿ ಲಾಂಗೆಟ್-ಹಿಗಿನ್ಸ್ 1950ರಲ್ಲಿ ಕೊಟ್ಟ ವಿವರಣೆ ಇದು. ಹೀಗೆ ಹುಟ್ಟಿದ 4ರಿಂದ 6 ಸೆಕೆಂಡಿನ ಸೂಕ್ಷ್ಮಕಂಪನ ನೆಲದಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಕಿ.ಮೀ. ಸಾಗುತ್ತದೆ. ಹಿಂಗೋಲಿ ಸಮುದ್ರದಿಂದ ದೂರ ಎಂಬ ಕಾರಣಕ್ಕೆ ಅದು ಇಲ್ಲವಾಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ.

ಐದು ಸೆಕೆಂಡಿಗೊಂದು ಸಲ ತೂಗುವ ಕಂಪನ, 10 ಹರ್ಟ್ಸ್‌ಗಿಂತ ಮೇಲೆ ಕಿವಿಗೊಡುವ ಲೈಗೊಗೆ ಏಕೆ ಅಡ್ಡಿ? ಚದುರಿದ ಬೆಳಕಿನ ದೆಸೆಯಿಂದ. ಕನ್ನಡಿಯಿಂದ ಅತ್ಯಲ್ಪ ಬೆಳಕು ಅಡ್ಡಾದಿಡ್ಡಿ ಹೋಗಿ, ನೆಲದೊಡನೆ ತೂಗುವ ಯಾವುದೋ ಲೋಹದ ಮೈಗೆ ಬಡಿದು ಮರಳಿ ಕಿರಣಕ್ಕೆ ಸೇರಿತೆನ್ನಿ. ಅದು ಮಿನುಗುವ ಫ್ರೀಕ್ವೆನ್ಸಿ ಎಂದರೆ ಆ ಮೈಯ ವೇಗದ ಎರಡು ಪಟ್ಟನ್ನು ತರಂಗಾಂತರದಿಂದ ಭಾಗಿಸಿದಷ್ಟು. ಲೈಗೊ ಲೇಸರಿನ ತರಂಗಾಂತರ 1064 ನ್ಯಾನೊಮೀಟರ್. ಮೈ ಸೆಕೆಂಡಿಗೆ 5 ಮೈಕ್ರೊಮೀಟರ್ ವೇಗದಲ್ಲಿ ತೂಗಿದರೆ 9.4 ಹರ್ಟ್ಸ್ ಬರುತ್ತದೆ. ಬೆಳಕು ಎರಡು ಮೈಗಳ ನಡುವೆ ಮೂರು ನಾಲ್ಕು ಸಲ ಓಡಾಡಿದರೆ 30, 40. ನಿಧಾನದ ತೂಗು ಹೀಗೆ ಮೇಲಕ್ಕೆ ಹತ್ತಿ ಅಳತೆಯ ಕ್ಷೇತ್ರದ ನಡುವೆ ಕೂರುತ್ತದೆ, ಕಾಲ-ಫ್ರೀಕ್ವೆನ್ಸಿ ಚಿತ್ರದಲ್ಲಿ ಕಮಾನುಗಳ ಸಾಲಾಗಿ ಕಾಣುತ್ತದೆ. 2020ರ ಜನವರಿಯಲ್ಲಿ ಲೈಗೊದವರು, ತೋಳಿನ ಕೊನೆಯ ಕನ್ನಡಿಯ ಹಿಂದೆ ನೇತಾಡುವ ಜೋಡಿ ಗಾಜು ಕನ್ನಡಿಯ ಜತೆಜತೆಗೇ ಚಲಿಸುವಂತೆ ಮಾಡಿದರು. ಎರಡರ ನಡುವಿನ ಸಾಪೇಕ್ಷ ವೇಗ ಇಳಿಯಿತು, ಕಮಾನುಗಳೂ ಇಳಿದವು. ಹೊಸ ಯಂತ್ರ ಬೇಕಾಗಲಿಲ್ಲ. ಇಡೀ ಕ್ಷೇತ್ರದಲ್ಲಿ ನಮಗೆ ತುಂಬ ಮೆಚ್ಚುಗೆಯಾದ ದುರಸ್ತಿ ಇದು.

ಕಾಲೇಜಿನ ಚಪ್ಪಡಿಯಲ್ಲಿ ಸಮುದ್ರದ ಕಂಪನ ನೋಡುತ್ತೇವೆ ಎಂದು ಯಾರೂ ಹೊರಡಬಾರದು. 0.2 ಹರ್ಟ್ಸ್‌ನ ನೆಲದಲೆಯ ಉದ್ದ ಹತ್ತಾರು ಕಿ.ಮೀ. ಲೈಗೊದ 4 ಕಿ.ಮೀ. ತೋಳಿನ ಎರಡು ತುದಿಗಳು ಬೇರೆ ಬೇರೆ ಚಲಿಸುತ್ತವೆ, 20 ಸೆಂಟಿಮೀಟರ್ ತೋಳಿನ ತುದಿಗಳು ಒಟ್ಟಿಗೇ ಹೋಗಿ ಒಟ್ಟಿಗೇ ಬರುತ್ತವೆ. ಮೊಬೈಲಿನ ಸೆನ್ಸರಿಗೂ ಅದು ನಿಲುಕದು. ಅದಕ್ಕೆ ಬ್ರಾಡ್‌ಬ್ಯಾಂಡ್ ಭೂಕಂಪಮಾಪಕವೇ ಬೇಕು. ಚದುರಿದ ಬೆಳಕನ್ನು ಮಾತ್ರ ಚಪ್ಪಡಿಯ ಮೇಲೂ ತೋರಿಸಬಹುದು: ದಾರಿತಪ್ಪಿದ ಪ್ರತಿಬಿಂಬವೊಂದಕ್ಕೆ ಬಿಳಿ ಕಾಗದ ಅಡ್ಡ ಹಿಡಿದು ಅಲುಗಿಸಿ, ಗ್ರಾಫಿನಲ್ಲಿ ಏನಾದರೂ ಏಳುತ್ತದೆಯೇ ನೋಡಿ. ಬಳಿಕ ಅಲ್ಲಿ ಕಪ್ಪು ಕಾರ್ಡನ್ನು ಕೋನವಾಗಿ ಮಡಚಿ ಇಡಿ. ಲೈಗೊ ಕೊಳವೆಯೊಳಗೆ ಸಾಲಾಗಿ ನಿಲ್ಲಿಸಿರುವ ತಡೆಬಳೆಗಳ ಕೆಲಸವೂ ಅದೇ.

ಗಾಳಿಯದು ಬೇರೆ ಕಾಟ. 20 ಸೆಂಟಿಮೀಟರ್ ತೋಳಿನಲ್ಲಿ ಬೆಳಕು ಹೋಗಿ ಬರುವ ದಾರಿ 40 ಸೆಂಟಿಮೀಟರ್. ಅಲ್ಲಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅರ್ಧಕ್ಕಿಂತ ಹೆಚ್ಚು ಪಟ್ಟಿ ಸರಿಯುತ್ತದೆ. ಅಲ್ಯೂಮಿನಿಯಂ ತಳವಾದರೆ ಡಿಗ್ರಿಯ ಹತ್ತರಲ್ಲೊಂದು ಪಾಲಿಗೇ ಒಂದು ತೋಳು ಸುಮಾರು 460 ನ್ಯಾನೊಮೀಟರ್ ಹಿಗ್ಗುತ್ತದೆ. ಹಾಗಾಗಿ ಎರಡು ತೋಳೂ ಸಮ ಉದ್ದ, ಒಂದೇ ಲೋಹ. ಮೇಲೆ ಥರ್ಮಾಕೋಲಿನ ಪೆಟ್ಟಿಗೆ ಕವುಚಿ, ಲೇಸರಿನ ಪವರ್ ಸಪ್ಲೈ ಪೆಟ್ಟಿಗೆಯ ಹೊರಗಿಡಿ. (ವಿಜ್ಞಾನ ದಿನಕ್ಕೆ ಥರ್ಮಾಕೋಲಿನಲ್ಲಿ ಲೈಗೊ ಮಾದರಿ ಕತ್ತರಿಸುವುದಕ್ಕಿಂತ ಇದು ಅದರ ಉತ್ತಮ ಉಪಯೋಗ.) ಲೇಸರ್ ಹಚ್ಚಿ ಅರ್ಧ ಗಂಟೆ ಬಿಟ್ಟೇ ಅಳತೆ ಶುರು ಮಾಡಿ. ಲೈಗೊದಲ್ಲಿ ಗಾಳಿಯನ್ನೇ ತೆಗೆದುಬಿಡುತ್ತಾರೆ. ಒಂದೊಂದು ವೀಕ್ಷಣಾಲಯದಲ್ಲೂ 10,000 ಘನ ಮೀಟರ್ ನಿರ್ವಾತ. ಅದಕ್ಕೆ ಮೊದಲು 1.2 ಮೀಟರ್ ಅಗಲದ ಉಕ್ಕಿನ ಕೊಳವೆಗಳನ್ನು 150 ಡಿಗ್ರಿಗೂ ಮೇಲೆ 30 ದಿನ ಬೇಯಿಸಿ, ಲೋಹಕ್ಕೆ ಅಂಟಿದ್ದ ಅನಿಲ ಬಿಡಿಸಿದ್ದರು.

ಅರೆಪಟ್ಟಿಯಲ್ಲಿ, ಅಂದರೆ ಮೇಲೆ ಹೇಳಿದ ನಡುಮಧ್ಯದ 1 ವೋಲ್ಟಿನ ಹತ್ತಿರ, ಅಳೆಯುವುದರಲ್ಲಿ ಒಂದು ದೋಷವಿದೆ. ಲೇಸರ್ ಬೆಳಕು ಶೇ 1ರಷ್ಟು ಏರಿಳಿದರೂ ಅದು ಕನ್ನಡಿ ಅರ್ಧ ನ್ಯಾನೊಮೀಟರ್ ಕದಲಿದಂತೆ ಕಾಣುತ್ತದೆ. ಲೈಗೊ ಕತ್ತಲೆ ಪಟ್ಟಿಯ ಹತ್ತಿರವೇ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಲೇಸರಿನ ಏರಿಳಿತ ಹೊರಕ್ಕೆ ಬಾರದು. ಲ್ಯಾಬಿನಲ್ಲಿ ಇದಕ್ಕೆ ಲೇಸರಿನ ಮುಂದೆ ಒಂದು ಗಾಜಿನ ಸ್ಲೈಡ್ ಓರೆಯಾಗಿಟ್ಟು, ಅದು ಪ್ರತಿಫಲಿಸುವ ಬೆಳಕನ್ನು ಎರಡನೇ ಫೋಟೊಡಯೋಡಿಗೆ ಕೊಟ್ಟು ಭಾಗಿಸಬಹುದು. ಇನ್ನೊಂದು: ಕನ್ನಡಿಗಳು ತೀರಾ ನೇರವಾಗಿದ್ದರೆ ಬೆಳಕು ಲೇಸರಿನೊಳಕ್ಕೇ ಮರಳಿ ಅದನ್ನು ಕೆಡಿಸುತ್ತದೆ. ಪಟ್ಟಿಗಳು ಕಾರಣವಿಲ್ಲದೆ ಹಾರುತ್ತಿದ್ದರೆ ಕೂದಲೆಳೆಯಷ್ಟು ಓರೆ ಮಾಡಿ. ಪಾಯಿಂಟರಿನ ಡಯೋಡ್ ಲೇಸರುಗಳಲ್ಲಿ ಈ ಕಾಟ ಹೆಚ್ಚು.

ಅರೆಪಟ್ಟಿಯಲ್ಲೇ ನಿಲ್ಲಿಸಲು ಫೀಡ್‌ಬ್ಯಾಕ್ ಬೇಕು, ಅಂದರೆ ಪಟ್ಟಿ ಜಾರಿದಷ್ಟೂ ಕನ್ನಡಿಯನ್ನು ವಾಪಸು ತಳ್ಳುವ ಏರ್ಪಾಡು. ಸದ್ದು ಮಾಡುವ ಬಜ಼ರಿನಲ್ಲಿ ಬರುವ, ವೋಲ್ಟೇಜಿಗೆ ತಕ್ಕಂತೆ ಬಾಗುವ 27 ಮಿಲಿಮೀಟರಿನ ಪೀಜ಼ೊ ತಟ್ಟೆಯನ್ನು ಒಂದು ಹಗುರ ಕನ್ನಡಿಯ ಹಿಂದೆ ಅಂಟಿಸಿ, ವೋಲ್ಟೇಜು ಮೆಲ್ಲಗೆ ಏರಿಸಿ ಎಷ್ಟು ವೋಲ್ಟಿಗೆ ಒಂದು ಪಟ್ಟಿ ಎಂದು ಎಣಿಸಿಕೊಳ್ಳಿ. ಬಳಿಕ ಆಪ್-ಆಂಪ್ ಇಂಟಿಗ್ರೇಟರ್. ಗೇನ್ ಕಡಿಮೆಯಾದರೆ ಪಟ್ಟಿ ಜಾರಿ ಹೋಗುತ್ತದೆ, ಹೆಚ್ಚಾದರೆ ಕನ್ನಡಿ ಕಿರುಚುತ್ತದೆ. ಲಾಕ್ ಆದ ಮೇಲೆ ಫೋಟೊಡಯೋಡಿನ ಗೆರೆ ನೇರವಾಗುವುದನ್ನು ನೋಡಿ ಗದ್ದಲ ಹೋಯಿತು ಎಂದುಕೊಳ್ಳುವ ಅಪಾಯ ಇಲ್ಲಿದೆ. ಕಂಪನ ಎಲ್ಲಿಗೂ ಹೋಗಿಲ್ಲ, ಪೀಜ಼ೊಗೆ ಹೋಗುವ ವೋಲ್ಟೇಜಿನಲ್ಲಿದೆ. ಈಗ ಅಳೆಯಬೇಕಾದದ್ದು ಅದನ್ನು. ನಿಯಂತ್ರಣ ತಾನೇ ಗದ್ದಲ ತುಂಬುವುದು ಲೈಗೊಗೂ ತಪ್ಪಿದ್ದಲ್ಲ. ಕನ್ನಡಿಗಳ ಕೋನ ಹಿಡಿದಿಡುವ ಲೂಪ್‌ನಿಂದ 10ರಿಂದ 30 ಹರ್ಟ್ಸ್ ನಡುವೆ ಬರುತ್ತಿದ್ದ ಗದ್ದಲವನ್ನು ಗೂಗಲ್ ಡೀಪ್‌ಮೈಂಡ್ ಜತೆ ರೂಪಿಸಿದ ಕಲಿಯುವ ನಿಯಂತ್ರಕವೊಂದು 30ರಿಂದ 100 ಪಟ್ಟು ಇಳಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಲೈಗೊದ ಎರಡು ವೀಕ್ಷಣಾಲಯಗಳಲ್ಲಿ ಒಂದಾದ ಲಿವಿಂಗ್‌ಸ್ಟನ್‌ನ ನಿಜ ಯಂತ್ರದ ಮೇಲೆಯೇ ಅದನ್ನು ಪರೀಕ್ಷಿಸಿದ್ದರು.

ಗದ್ದಲದ ಮೂಲ ಯಾವುದೆಂದು ಸಾಬೀತು ಮಾಡಲು ಪಕ್ಕದಲ್ಲೊಂದು ಸಾಕ್ಷಿ ಸೆನ್ಸರ್ ಬೇಕು. ಲೈಗೊದಲ್ಲಿ ಮೈಕು, ಆಕ್ಸಲರೋಮೀಟರ್, ಕಾಂತಮಾಪಕ ಎಲ್ಲ ಕಡೆ ಇಟ್ಟಿರುತ್ತಾರೆ. ಇನ್ನೊಂದು ವೀಕ್ಷಣಾಲಯವಾದ ಹ್ಯಾನ್‌ಫರ್ಡ್‌ನಲ್ಲಿ 2017ರ ಬೇಸಿಗೆಯಲ್ಲಿ ಕಂಡ ವಿಚಿತ್ರ ಸದ್ದೊಂದರ ಜಾಡು ಹಿಡಿದು ಹೋದಾಗ, ದ್ರವ ಸಾರಜನಕದ ಕೊಳವೆಯ ಮೇಲೆ ಕಟ್ಟಿದ ಹಿಮವನ್ನು ಕಾಡುಕಾಗೆಗಳು ಕುಕ್ಕುತ್ತಿದ್ದವು. ಲ್ಯಾಬಿನಲ್ಲಿ ಅಗ್ಗದ ಎಡಿಎಕ್ಸ್‌ಎಲ್-345 ಆಕ್ಸಲರೋಮೀಟರನ್ನು ಮೇಜಿಗೆ ಅಂಟಿಸಿ, ಅದರ ಓದಿಗೂ ಫೋಟೊಡಯೋಡಿನ ಓದಿಗೂ ಕೊಹೆರೆನ್ಸ್ (ಎರಡು ಸಂಕೇತಗಳು ಎಷ್ಟು ತಾಳೆಯಾಗುತ್ತವೆ ಎಂಬ 0ಯಿಂದ 1ರವರೆಗಿನ ಅಳತೆ) ಲೆಕ್ಕ ಹಾಕಿ. ಡೇಟಾವನ್ನು ತುಂಡು ಮಾಡದೆ ಒಂದೇ ಉದ್ದಕ್ಕೆ ಹಾಕಿದರೆ ಕೊಹೆರೆನ್ಸ್ ಯಾವಾಗಲೂ 1 ಬರುತ್ತದೆ, ಸಂಬಂಧವಿಲ್ಲದ ಎರಡು ಸಂಕೇತಗಳಿಗೂ! 60 ಸೆಕೆಂಡನ್ನು ನಾಲ್ಕು ನಾಲ್ಕು ಸೆಕೆಂಡಿನ 15 ತುಂಡು ಮಾಡಿದರೆ ಬರೀ ಆಕಸ್ಮಿಕಕ್ಕೆ ಬರುವ ಬೆಲೆ 0.07ರ ಆಸುಪಾಸು. 0.5 ಬಂದರೆ ನಂಬಬಹುದು. ಸಾಕ್ಷಿಯ ಓದನ್ನು ಕಂಪ್ಯೂಟರಿನಲ್ಲಿ ಕಳೆದುಬಿಡುವ ವೀನರ್ ಫಿಲ್ಟರ್ ಆಮೇಲಿನದು. ಸ್ಕ್ರೂಡ್ರೈವರಿನಿಂದ ಹೋಗುವ ಗದ್ದಲಕ್ಕೆ ಪೈಥಾನ್ ಬರೆಯಿಸುವುದು ನಮಗೆ ಒಪ್ಪಿಗೆಯಿಲ್ಲ. ಆದರೆ ಕೆಲವಕ್ಕೆ ಬೇರೆ ದಾರಿಯಿಲ್ಲ. ನೆಲದ ಅಲೆ ಹಾದುಹೋಗುವಾಗ ಸುತ್ತಲ ಮಣ್ಣಿನ ಗುರುತ್ವವೇ ಬದಲಾಗಿ ಕನ್ನಡಿಯನ್ನು ಎಳೆಯುತ್ತದೆ, ಗುರುತ್ವಕ್ಕೆ ಮರೆ ಕಟ್ಟಲಾಗದು. ಅದನ್ನು ಭೂಕಂಪಮಾಪಕಗಳ ಸಾಲಿನಿಂದ ಅಳೆದು ಕಳೆಯುವುದು ಉಪಾಯ.

ಕೊನೆಯ ಮಿತಿ ಬೆಳಕಿನದು. ಫೋಟಾನುಗಳು ಬಿಡಿಬಿಡಿಯಾಗಿ ಬರುವುದರಿಂದ ಎಣಿಕೆಯಲ್ಲಿ ಏರುಪೇರು ಇದ್ದೇ ಇದೆ. ಶಕ್ತಿ ನಾಲ್ಕು ಪಟ್ಟಾದರೆ ಅದು ಅರ್ಧವಾಗುತ್ತದೆ. ಹಾಗೆಂದು ಬೆಳಕು ಹೆಚ್ಚಿಸುತ್ತ ಹೋದರೆ ಫೋಟಾನುಗಳು ಕನ್ನಡಿಗೆ ಕೊಡುವ ತಳ್ಳು ಕೆಳ ಫ್ರೀಕ್ವೆನ್ಸಿಯಲ್ಲಿ ಹೆಚ್ಚುತ್ತದೆ. 40 ಕೆ.ಜಿ.ಯ ಕನ್ನಡಿಯನ್ನು ಬೆಳಕು ಅಲುಗಿಸುವ ಲೋಕ ಇದು. ಭೌತವಿಜ್ಞಾನಿ ಕಾರ್ಲ್ಟನ್ ಕೇವ್ಸ್ 1981ರಲ್ಲಿ ಸೂಚಿಸಿದ ಹಿಂಡಿದ ಬೆಳಕನ್ನು (ಒಂದು ಬಗೆಯ ಏರುಪೇರನ್ನು ಕುಗ್ಗಿಸಿ ಇನ್ನೊಂದು ಬಗೆಯದನ್ನು ಹಿಗ್ಗಲು ಬಿಟ್ಟ ಬೆಳಕು) 2019ರ ವೀಕ್ಷಣೆಯಿಂದ ಲೈಗೊ, ಇಟಲಿಯಲ್ಲಿರುವ ವರ್ಗೊ ಎರಡೂ ಬಳಸುತ್ತಿವೆ. 2023ರ ಮೇಯಲ್ಲಿ ಶುರುವಾದ ಸುತ್ತಿನಲ್ಲಿ ಲೈಗೊ 300 ಮೀಟರ್ ಉದ್ದದ ಫಿಲ್ಟರ್ ಕೋಷ್ಠವೊಂದನ್ನು ಸೇರಿಸಿ, ಕೆಳ ಫ್ರೀಕ್ವೆನ್ಸಿಯಲ್ಲಿ ಒಂದು ಬಗೆ, ಮೇಲಿನದರಲ್ಲಿ ಇನ್ನೊಂದು ಬಗೆ ಹಿಂಡುವಂತೆ ಮಾಡಿದೆ. ಕಾಲೇಜಿನ ಚಪ್ಪಡಿ ಈ ಮಿತಿಯ ಹತ್ತಿರಕ್ಕೂ ಬಾರದು, ಅದರ ಚಿಂತೆ ಬೇಡ.

ಮಂಗಳೂರು ವಿಶ್ವವಿದ್ಯಾಲಯದ ಪಠ್ಯಕ್ರಮ ಮಂಡಳಿಗೆ ನಮ್ಮ ಕೋರಿಕೆ ಇಷ್ಟು: ದೃಗ್ವಿಜ್ಞಾನದ ಪ್ರಾಯೋಗಿಕದಲ್ಲಿ ಮೈಕೆಲ್ಸನ್‌ಗೆ ಈಗ ಇರುವ ಒಂದು ಪಾಳಿಯನ್ನು ಮೂರು ಮಾಡಿ, ಅಂಕ ಕೊಡುವಾಗ ತರಂಗಾಂತರದ ಉತ್ತರಕ್ಕಿಂತ ಗದ್ದಲದ ಲೆಕ್ಕಪತ್ರಕ್ಕೆ ಹೆಚ್ಚು ಕೊಡಿ. ಲ್ಯಾಬ್ ಸಹಾಯಕರನ್ನೂ ಇದರಲ್ಲಿ ಸೇರಿಸಿಕೊಳ್ಳಬೇಕು, ಯಾವ ಪಂಪಿನ ಬೇರಿಂಗ್ ಹೋಗಿದೆ ಎಂದು ಅವರಿಗೆ ಗೊತ್ತಿರುವಷ್ಟು ನಮಗಾರಿಗೂ ಗೊತ್ತಿಲ್ಲ. ಲೇಸರ್, ಮೈಕೆಲ್ಸನ್ ಇದ್ದರೆ ಉಳಿದ ಸಾಮಾನಿಗೆ ಕೆಲವು ಸಾವಿರ ರೂಪಾಯಿ ಸಾಕು. ಪಿಲಿಕುಳದ ಪ್ರಾದೇಶಿಕ ವಿಜ್ಞಾನ ಕೇಂದ್ರದಲ್ಲಿ ಇಂಥದ್ದೊಂದು ಚಪ್ಪಡಿ ಇಟ್ಟು, ಪಕ್ಕದ ಪರದೆಯಲ್ಲಿ ಸ್ಪೆಕ್ಟ್ರಮ್ ಓಡಿಸಿದರೆ ಮಕ್ಕಳು ತಾವು ಕುಣಿದದ್ದು ಎಷ್ಟು ನ್ಯಾನೊಮೀಟರ್ ಎಂದು ನೋಡಬಹುದು.

ಶುರು ಮಾಡುವ ಕಾಲೇಜುಗಳಿಗೆ ಒಂದು ಸಲಹೆ. ಒಂದೇ ಚಪ್ಪಡಿಯ ಸ್ಪೆಕ್ಟ್ರಮ್ ಅನ್ನು ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ, ಹಗಲು ಮತ್ತು ರಾತ್ರಿ ತೆಗೆದಿಡಿ. ಪ್ರತಿ ಫೈಲಿನ ಜತೆ ಗಂಟೆ, ಕೋಣೆಯ ಉಷ್ಣತೆ, ಆ ಹೊತ್ತಿಗೆ ಫ್ಯಾನ್, ಎಸಿ, ಪಂಪು, ಜನರೇಟರ್ ಯಾವುದು ಓಡುತ್ತಿತ್ತು, ಟ್ಯೂಬಿನ ಗಾಳಿಗೆ ಚಪ್ಪಡಿ ಎಷ್ಟು ಹರ್ಟ್ಸ್‌ನಲ್ಲಿ ತೂಗುತ್ತಿತ್ತು ಎಂಬುದನ್ನು ಬರೆದಿರಬೇಕು. ಟ್ಯೂಬಿನ ಗಾಳಿ ವಾರದಲ್ಲಿ ಇಳಿಯುತ್ತದೆ, ಆದ್ದರಿಂದ ಅದನ್ನು ಪ್ರತಿ ಸಲವೂ ಅಳೆಯಿರಿ.

ಇತಿ,
ಭೌತಶಾಸ್ತ್ರ ಬೋಧಕರು ಮತ್ತು ಪ್ರಯೋಗಾಲಯ ಸಿಬ್ಬಂದಿಯ ಪರವಾಗಿ,
ಮಂಗಳೂರು ಮತ್ತು ಉಡುಪಿ